ಒದ್ದೆ ಕೈಯ ಸಿಪಾಯಿ

ನನ್ನ ಅಂಗೈ ಬೆವರುತ್ತದೆ. ಬಿಸಿಲಿಗೋ ದುಡಿಮೆಗೋ ಬೆವರಿದರೆ ಯಾರೂ ಏನೂ ಅನ್ನುವುದಿಲ್ಲ. ಇಂಡಿ ಸೀಮೆಯ ಬೇಸಿಗೆಯಲ್ಲಿ ಬೆವರದವರು ಯಾರಿದ್ದಾರೆ? ನನ್ನದು ಹಾಗಲ್ಲ. ಸಂಕ್ರಾಂತಿಯ ಚಳಿಯಲ್ಲಿ ಸುಮ್ಮನೆ ಕೂತಿದ್ದರೂ ಅಂಗೈಯ ಗೆರೆಗಳಲ್ಲಿ ನೀರು ಮಣಿಗಟ್ಟಿ ಬೆರಳ ತುದಿಯಿಂದ ಹನಿಯುತ್ತದೆ. ಶಾಲೆಯಲ್ಲಿ ಬರೆಯುವಾಗ ಕೈ ಕೆಳಗೆ ಕರವಸ್ತ್ರ ಇಟ್ಟುಕೊಳ್ಳದಿದ್ದರೆ ಹಾಳೆ ತೊಯ್ದು, ಶಾಯಿ ಹರಡಿ, ನಾನು ಬರೆದದ್ದು ನನಗೇ ಓದಲು ಬರುತ್ತಿರಲಿಲ್ಲ. ಆಟದ ಹೊತ್ತಿನಲ್ಲಿ ಎಲ್ಲರೂ ಕೈ ಕೈ ಹಿಡಿದು ಸುತ್ತುಗಟ್ಟಿ ನಿಂತಾಗ ನನ್ನ ಎರಡೂ ಪಕ್ಕದವರು ನನ್ನ ಅಂಗಿಯ ತೋಳು ಹಿಡಿಯುತ್ತಿದ್ದರು.

ಅಪ್ಪ ತಾಂಬಾದಲ್ಲಿ ಲೈನ್‌ಮನ್. ಕಂಬ ಹತ್ತುವುದು, ಫ್ಯೂಜು ಹಾಕುವುದು, ಹೊಲದ ಟ್ರಾನ್ಸ್‌ಫಾರ್ಮರ್ ಸುಟ್ಟರೆ ರೈತರಿಂದ ಬೈಸಿಕೊಳ್ಳುವುದು ಅವನ ಕೆಲಸ. ಕರೆಂಟಿನೊಂದಿಗೇ ಬದುಕಿದ ಅವನಿಗೆ ನನ್ನ ಕೈ ಕಂಡರೆ ಹೆದರಿಕೆ. ನಾನು ಚಿಕ್ಕವನಿದ್ದಾಗ ಸ್ವಿಚ್ಚಿನ ಕಡೆ ಕೈ ಚಾಚಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಕೈ ಮೇಲೆ ಹೊಡೆಯುತ್ತಿದ್ದ. "ಒದ್ದಿ ಕೈ ಹಚ್ಚಬ್ಯಾಡಂತ ಎಷ್ಟ ಸಲ ಹೇಳಬೇಕಲೇ ನಿನಗ?" ನಮ್ಮ ಮನೆಯಲ್ಲಿ ಫ್ಯಾನು ಹಾಕಬೇಕಾದರೆ ನಾನು ಅವ್ವನನ್ನು ಕೂಗಬೇಕಿತ್ತು. ಮೀಸೆ ಬಂದ ಮೇಲೂ ಕೂಗುತ್ತಿದ್ದೆ.

ಲೈನ್‌ಮನ್ನನ ಮಗ ಲೈನ್‌ಮನ್ ಆಗುವ ಮಾತು ಹಾಗೆ ಮೊದಲೇ ಮುಗಿದಿತ್ತು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಸಿಂದಗಿಗೆ ಓದಲು ಹೋದೆ. ಅಲ್ಲಿ ನಿವೃತ್ತ ಸೈನಿಕರೊಬ್ಬರು ಫೌಜಿಗೆ ಸೇರುವ ಹುಡುಗರಿಗೆ ತರಬೇತಿ ಕೊಡುತ್ತಿದ್ದರು. ನಾವು ಅವರನ್ನು ಉಸ್ತಾದರು ಅನ್ನುತ್ತಿದ್ದೆವು. ವಿಮಾನದಿಂದ ಜಿಗಿಯುವ ಕಮಾಂಡೋ ಪಡೆಯಲ್ಲಿ ಇದ್ದವರು; ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಒಂದು ದಿನ ಓಟ ಮುಗಿಸಿ ಬೇವಿನ ಕೆಳಗೆ ಕೂತಿದ್ದಾಗ ಯಾರೋ ಕಾಲಿನ ಬಗ್ಗೆ ಕೇಳಿದರು. ಅವರು ಪ್ಯಾಂಟು ಮೇಲೆತ್ತಿ ತೊಡೆಯ ಕಲೆ ತೋರಿಸಿದರು.

"ರಕ್ತ ಕಾರಂಜಿಗತೆ ಹಾರಾಕತ್ತಿತ್ತು," ಅಂದರು. "ನಮ್ಮ ತುಕಡಿಯೊಳಗ ಒಬ್ಬ ಮೆಡಿಕ್ ಇದ್ದ. ಅವನೂ ನಮ್ಮಂಗ ಜಿಗದಾವ, ನಮ್ಮಂಗ ಬಂದೂಕ ಹಿಡದಾವ, ಮ್ಯಾಲೆ ಔಷಧದ ಚೀಲ ಬ್ಯಾರೆ. ನನ್ನ ಬಾಜೂಕ ಮಕ್ಕೊಂಡು ತೊಡಿ ಕಟ್ಟಿದ. ಕಟ್ಟಿದ ಮ್ಯಾಲೂ ನಾ ಅವನ ಕೈ ಬಿಡಲಿಲ್ಲ ನೋಡ್ರಿ. ಹೆಲಿಕಾಪ್ಟರ್ ಬರೂತನಕ ಹಿಡಕೊಂಡೇ ಇದ್ದೆ."

ಉಳಿದ ಹುಡುಗರು ಹೆಲಿಕಾಪ್ಟರಿನ ಬಗ್ಗೆ ಕೇಳಿದರು. ನಾನು ಆ ಕೈ ಬಗ್ಗೆಯೇ ಯೋಚಿಸುತ್ತ ಕೂತೆ. ಸಾವಿನ ದವಡೆಯಲ್ಲಿದ್ದವನು ಕೈ ಒದ್ದೆಯೋ ಒಣವೋ ಎಂದು ನೋಡುವುದಿಲ್ಲ, ಸಿಕ್ಕರೆ ಹಿಡಿದುಕೊಳ್ಳುತ್ತಾನೆ. ಅಂಥ ಕೈ ನನ್ನದಾಗಬೇಕು ಅನ್ನಿಸಿತು. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಉಸ್ತಾದರ ಹತ್ತಿರ ಹೋಗಿ, "ಮೆಡಿಕ್ ಆಗಬೇಕಂದ್ರ ಏನ್ ಮಾಡಬೇಕ್ರಿ?" ಎಂದಷ್ಟೇ ಕೇಳಿದೆ. ಅವರು ದಾರಿ ಹೇಳಿದರು. ಮೊದಲು ನರ್ಸಿಂಗ್ ಸಹಾಯಕನಾಗಿ ಫೌಜಿಗೆ ಸೇರಬೇಕು. ಅಲ್ಲಿ ಕಲಿತು, ಆಮೇಲೆ ತಾನಾಗಿ ಕಮಾಂಡೋ ಪಡೆಗೆ ಹೆಸರು ಕೊಡಬೇಕು. ಅವರು ತಿಂಗಳುಗಟ್ಟಲೆ ಜೀವ ತಿಂದು ಪರೀಕ್ಷೆ ಮಾಡುತ್ತಾರೆ. ತಡೆದುಕೊಂಡವನಿಗೆ ಮರೂನ್ ಟೋಪಿ.

ಅಪ್ಪನಿಗೆ ಹೇಳಿದಾಗ ಅವನು ಊಟ ಮಾಡುತ್ತಿದ್ದ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿ, ಮತ್ತೆ ನನ್ನನ್ನು ನೋಡಿದ. "ಬಂದೂಕ ಹಿಡದು ಜೀವಾ ಉಳಸೂ ಕೆಲಸೇನ? ಚಲೋ ಐತೆಲ," ಅಂದ. ನನ್ನ ಅಜ್ಜನ ಕಾಲಕ್ಕೆ ನಮ್ಮ ಮನೆತನ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ಮಗ ಕೊಲ್ಲುವ ಕೆಲಸಕ್ಕೆ ಹೊರಟವನಲ್ಲ ಎಂಬುದು ಅಪ್ಪನಿಗೆ ದೊಡ್ಡ ಸಮಾಧಾನ. ಅವ್ವ ಮಾತ್ರ ನನ್ನ ಕೈ ಕಡೆ ನೋಡಿ, "ಮದಲ ಇದನ್ನ ಒಬ್ಬ ಡಾಕ್ಟರಿಗೆ ತೋರಸು," ಅಂದಳು.

"ಏನ್ ತೋರಸ್ತಿ? ಬೆವರು ಬ್ಯಾನಿ ಏನು? ದುಡಿಯೂ ಕೈ ಬೆವರ್ತಾವ," ಎಂದು ಅಪ್ಪ ಮಾತು ಮುಗಿಸಿದ. ಸ್ವಿಚ್ಚು ಮುಟ್ಟಲು ಬಿಡದವನು ಅವನೇ.

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅಪ್ಪ ನನ್ನ ಗಾಯಾಳು ಆಗುತ್ತಿದ್ದ. ಸಂಜೆ ಡ್ಯೂಟಿ ಮುಗಿಸಿ ಬಂದು, ಊರ ಹೊರಗಿನ ಬೀಳು ಹೊಲದಲ್ಲಿ ಖಾಕಿ ಅಂಗಿಯಲ್ಲೇ ಅಂಗಾತ ಮಲಗುತ್ತಿದ್ದ. "ಹಾಂ, ಈಗ ಗುಂಡು ಬಡೀತು. ಬಲಗಾಲಿಗೆ," ಎಂದು ತಾನೇ ಹೇಳಿ, "ಅಯ್ಯಯ್ಯೋ ಸತ್ನೋ" ಎಂದು ನರಳುತ್ತಿದ್ದ. ನಾನು ಓಡಿ ಹೋಗಿ, ಉಸ್ತಾದರು ಕಲಿಸಿದಂತೆ ಅವ್ವನ ಹಳೆ ಸೀರೆಯ ಪಟ್ಟಿಯಿಂದ ತೊಡೆ ಕಟ್ಟಿ, ಪಟ್ಟಿಯೊಳಗೆ ಕೋಲು ತೂರಿಸಿ ತಿರುವಿ ಬಿಗಿ ಮಾಡುತ್ತಿದ್ದೆ. ಆಮೇಲೆ ಅವನನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು ಹೊಲದ ಆ ತುದಿಯ ಜಾಲಿಮರದವರೆಗೆ ಓಡಬೇಕು. ಅಪ್ಪ ತೂಕದ ಆಳು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಏನಪಾ, ಅಪ್ಪನ್ನ ಎಲ್ಲಿಗಿ ಹೊತ್ತಿ? ಸಂತಿಗಿ ಮಾರಾಕೇನ?" ಎಂದು ಯಾರೋ ಕೂಗಿದರೆ ನನ್ನ ಬೆನ್ನ ಮೇಲಿಂದ ಅಪ್ಪನೇ, "ಮಿಲಿಟರಿ ಟ್ರೇನಿಂಗ್ ನಡದೈತಿ, ಸರೀರಿ ಅತ್ತಾಗ!" ಎಂದು ಕೂಗುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅವನಿಗೆ ಹಬ್ಬ.

ಒಂದು ಸಂಜೆ ನಡುವಿನ ಬದು ದಾಟುವಾಗ ಅವನ ಮಣಿಕಟ್ಟು ಹಿಡಿದಿದ್ದ ನನ್ನ ಕೈ ಜಾರಿತು. ಬಿಗಿಯಾಗಿಯೇ ಹಿಡಿದಿದ್ದೆ. ಬಿಗಿ ಹಿಡಿದಷ್ಟೂ ಬೆವರುತ್ತದೆ, ಅದೇ ಕಷ್ಟ. ಅಪ್ಪ ಹೆಗಲು ಮುಂದಾಗಿ ಕಲ್ಲಿನ ಮೇಲೆ ಬಿದ್ದ. ಈ ಸಲ ನರಳಲಿಲ್ಲ. ಅದರಿಂದಲೇ ನಿಜವಾದ ಪೆಟ್ಟು ಎಂದು ಗೊತ್ತಾಯಿತು. ಕುತ್ತಿಗೆ ಕೆಳಗಿನ ಎಲುಬು ಚರ್ಮದೊಳಗೆ ಉಬ್ಬಿ ನಿಂತಿತ್ತು. ನಾನು ಕಲಿತಂತೆಯೇ ಕೈಯನ್ನು ಎದೆಗೆ ಸೇರಿಸಿ ಜೋಳಿಗೆ ಕಟ್ಟಿದೆ. ಕಟ್ಟು ಸರಿಯಾಗಿತ್ತು, ದವಾಖಾನೆಯಲ್ಲಿ ಮೆಚ್ಚಿದರು ಕೂಡ. ಆದರೆ ಗಂಟು ಹಾಕಿದ ಕಡೆಯಲ್ಲೆಲ್ಲ ಸೀರೆಯ ಪಟ್ಟಿ ನೀರಲ್ಲಿ ಅದ್ದಿದಂತೆ ತೊಯ್ದಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ.

ಕರೆಂಟಿನ ಸೆಕ್ಷನ್ ಆಫೀಸಿನಲ್ಲಿ ಅವನು "ಗಾಡಿ ಜಾರಿತ್ರಿ, ಕೆಸರಾಗ" ಅಂದ. ಮಳೆಯೇ ಬಂದಿರಲಿಲ್ಲ, ಸಾಹೇಬರೂ ಕೇಳಲಿಲ್ಲ. ಆ ಹಂಗಾಮು ಪೂರ್ತಿ ಅವನು ಕಂಬ ಹತ್ತಲಿಲ್ಲ. ಬೇರೆ ಊರಿನ ಲೈನ್‌ಮನ್ ಬರಬೇಕಾಗಿ, ಕರೆಂಟು ಹೋದರೆ ತಡವಾಗುತ್ತಿತ್ತು, ಬಾವಿ ಮೋಟಾರು ನಿಂತ ರೈತರು ನಮ್ಮ ಮನೆ ಮುಂದೆ ಬಂದು ಒದರುತ್ತಿದ್ದರು. ಅಪ್ಪ ಜೋಳಿಗೆ ಕೈಯಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಾನು ಒಳಗೆ ರಕ್ತನಾಳಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ಹೊರಗಿನ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು.

ಮರುವರ್ಷ ಫೌಜಿನ ಭರ್ತಿಗೆ ಅರ್ಜಿ ಹಾಕಿದೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ ಪಾಸಾಯಿತು. ಓಟದಲ್ಲಿ ಮೊದಲ ಗುಂಪಿನಲ್ಲೇ ಮುಗಿಸಿದೆ. ಸಲಾಕೆಗೆ ಜೋತು ಮೈ ಎತ್ತುವುದೇ ದೊಡ್ಡ ಚಿಂತೆಯಾಗಿತ್ತು. ಮೈದಾನದ ಮಣ್ಣನ್ನು ಅಂಗೈಗೆ ತಿಕ್ಕಿಕೊಂಡು ಅದನ್ನೂ ದಾಟಿದೆ. ಉಳಿದದ್ದು ವೈದ್ಯಕೀಯ ತಪಾಸಣೆ. ಅದಕ್ಕೆ ಕೆಲವು ದಿನ ಬಿಟ್ಟು ಬರಲು ಹೇಳಿದರು.

ಆ ಕೆಲವು ದಿನಗಳಲ್ಲಿ ಊರು ಸುಮ್ಮನೆ ಕೂರಲಿಲ್ಲ. ತಾಂಬಾಕ್ಕೆ ಬಂದು ಇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರು. ಯಾವನೋ ಕಮಾಂಡೋನ ಮೈಗೆ ನನ್ನ ಮುಖ ಅಂಟಿಸಿದ್ದರು. ತಲೆಗೆ ಮರೂನ್ ಟೋಪಿ, ಹಿಂದೆ ಪ್ಯಾರಾಶೂಟುಗಳು, ಕೆಳಗೆ 'ನಮ್ಮೂರ ಹೆಮ್ಮೆಯ ವೀರಯೋಧ'. ಮುಖ ಪಿಯುಸಿ ಹಾಲ್ ಟಿಕೆಟ್ಟಿನದು, ಹೆದರಿದಂತೆ ಕಾಣುತ್ತಿತ್ತು. ಬ್ಯಾನರು ಕಟ್ಟಿಸಿದ ಗೆಳೆಯರಿಗೆ, "ಇನ್ನಾ ಮೆಡಿಕಲ್ ಐತ್ರಪಾ," ಅಂದೆ. "ಹೋಗಲೇ, ಗೂಳಿಯಂಗ ಅದಿ, ನಿನಗೇನ್ ಆಗೈತಿ?" ಅಂದರು.

ಪಂಚಾಯಿತಿ ಮುಂದೆ ಸನ್ಮಾನ. ಶಾಲು, ಹಾರ, ಫೋಟೋ. ಊರ ಗೌಡರು ಹಾರ ಹಾಕಿ ಕೈ ಕುಲುಕಿದರು. ಫೋಟೋ ತೆಗೆಯುವವನು "ಹಂಗ ಹಿಡದಿರ್ರಿ, ಹಂಗ ಹಿಡದಿರ್ರಿ" ಎನ್ನುತ್ತ ಬಹಳ ಹೊತ್ತು ಮಾಡಿದ. ನನ್ನ ಕೈ ಅವರ ಕೈಯೊಳಗೆ ಹರಿಯುತ್ತಿತ್ತು. ಬಿಟ್ಟ ಕೂಡಲೇ ಗೌಡರು ನಗುತ್ತಲೇ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಎಲ್ಲರ ಎದುರಿಗೆ, ಯಾರೂ ಗಮನಿಸದ ಹಾಗೆ ಸಹಜವಾಗಿ.

ಅಪ್ಪ ಗಮನಿಸಿದ್ದ. ಮನೆಗೆ ಬಂದು ಶಾಲು ಮಡಚಿಡುತ್ತ ಕೇಳಿದ, "ಗೌಡ್ರು ಕೈ ಯಾಕ ಒರಿಸ್ಕೊಂಡ್ರು?"

"ಬೆವರಿಗೆಪಾ."

ಅಪ್ಪ ಮಡಚಿದ ಶಾಲನ್ನು ಬಿಚ್ಚಿ ಮತ್ತೆ ಮಡಚಿದ. ಆ ಗೌಡರ ಮನೆಯಲ್ಲಿ ನಮ್ಮ ಅಜ್ಜನಿಗೆ ಚಹಾ ಕೊಡಲು ಬೇರೆ ಕಪ್ಪು-ಬಸಿ ಇತ್ತು. ಅದು ಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿದ್ದದ್ದನ್ನು ಅಪ್ಪ ಹುಡುಗನಾಗಿದ್ದಾಗ ನೋಡಿದ್ದ.

"ಬೆವರಿಗೇ ಇರಲಿ," ಅಂದ.

ತಪಾಸಣೆಗೆ ಹೋಗುವ ಮುಂಜಾನೆ ಅಪ್ಪ ತನ್ನ ಗಡ್ಡದ ಡಬ್ಬಿಯಿಂದ ಪಟಿಕದ ತುಂಡು ತಂದು ಕೊಟ್ಟ. ಗಡ್ಡ ಹೆರೆದ ಮೇಲೆ ಗಾಯಕ್ಕೆ ಉಜ್ಜುವ ಬಿಳಿ ಕಲ್ಲು. "ಕೈಗಿ ತಿಕ್ಕೋ. ಬಿಗಿ ಹಿಡಿತೈತಿ," ಅಂದ. ಅಷ್ಟು ವರ್ಷಗಳಲ್ಲಿ ನನ್ನ ಕೈಗೆ ಏನೋ ಇದೆ ಎಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು. ದಾರಿಯುದ್ದಕ್ಕೂ ತಿಕ್ಕಿಕೊಂಡೆ. ಅಂಗೈ ಒಣಗಿ ಬಿರಿಯಿತು. ಒಣ ಕೈ ಹೇಗಿರುತ್ತದೆ ಎಂದು ಬೆರಳು ಬೆರಳಿಗೆ ಉಜ್ಜಿ ನೋಡಿಕೊಂಡೆ; ಬೇರೆಯವರ ಕೈ ಮುಟ್ಟಿದಂತಿತ್ತು.

ಚಡ್ಡಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಕಣ್ಣು, ಕಿವಿ, ಹಲ್ಲು, ಮಂಡಿ, ಪಾದ. ಎಲ್ಲ ಸರಿ ಇತ್ತು. ಸಾಲು ನಿಧಾನಕ್ಕೆ ಸರಿಯುತ್ತಿತ್ತು. ಕೈ ಒದ್ದೆಯಾದೀತು ಎಂದು ಹೆದರಿದೆ, ಹೆದರಿದ್ದಕ್ಕೇ ಒದ್ದೆಯಾಯಿತು. ಪಟಿಕ ಅಂಗಿಯ ಜೇಬಿನಲ್ಲಿತ್ತು, ಅಂಗಿ ಹೊರಗಿತ್ತು. ನನ್ನ ಮುಂದಿನವರನ್ನು ಡಾಕ್ಟರು ಮುಟ್ಟಿ ನೋಡಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, "ಮುಂದಿನವರು" ಅನ್ನುತ್ತಿದ್ದರು. ನನ್ನ ಸರದಿ ಬಂತು. ಅವರು ಅಂಗೈ ತೋರಿಸಲು ಹೇಳಿ, ಒಂದು ತುಂಡು ಕಾಗದ ಕೊಟ್ಟು ಮುಷ್ಟಿ ಕಟ್ಟಲು ಹೇಳಿದರು. ಬಿಚ್ಚಿದಾಗ ಕಾಗದ ಮುದ್ದೆಯಾಗಿತ್ತು.

ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರಿರಬಹುದು. ಹಿಂದಿಯಲ್ಲಿ ಮೆತ್ತಗೆ ಕೇಳಿದರು, ಯಾವಾಗಿನಿಂದ ಹೀಗೆ? ಹುಟ್ಟಿದಾಗಿನಿಂದ, ಅಂದೆ. ಏನಾಗಬೇಕೆಂದಿದ್ದೆ? ಮೊದಲು ನರ್ಸಿಂಗ್ ಸಹಾಯಕ, ಆಮೇಲೆ ಕಮಾಂಡೋಗಳ ಜೊತೆ ಮೆಡಿಕ್, ಅಂದೆ. ಹೇಳುವಾಗ ಚಡ್ಡಿಯ ಮೇಲಿದ್ದೆ. ಅವರು ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. "ನಿನ್ನ ತಪ್ಪೇನಿಲ್ಲ. ಆದರೆ ಹಿಡಿದ ಬಂದೂಕು ಜಾರಬಾರದು, ಹಗ್ಗ ಜಾರಬಾರದು, ಹೊತ್ತ ಮನುಷ್ಯ ಜಾರಬಾರದು," ಅಂದರು. ಅಪ್ಪ ಬಿದ್ದ ಸದ್ದು ಮತ್ತೆ ಕಿವಿಯಲ್ಲಿ ಕೇಳಿಸಿತು. ಅವರು ಸ್ಯಾನಿಟೈಸರ್ ಹಚ್ಚಿಕೊಂಡರು. ಎಲ್ಲರಿಗೂ ಮಾಡಿದ್ದನ್ನೇ ನನಗೂ ಮಾಡಿದರು, ನಾನೇ ನೋಡಿದ್ದೆ. ಆದರೂ ಮುಖ ಕೆಳಗೆ ಹಾಕಿದೆ.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಆಗಲಿಲ್ಲಪಾ."

"ಯಾತಕ್ಕ?"

"ಕೈ."

ಅವನು ಎಲ್ಲೋ ಕರೆಂಟಿನ ಲೈನಿನ ಕೆಲಸದಲ್ಲಿದ್ದ. ಗಾಳಿಯ ಸದ್ದು ಕೇಳುತ್ತಿತ್ತು. "ಮನಿಗಿ ಬರ್ತಿ ಹಂಗಾರ?" ಅಂದ. ಬಸ್ ಸ್ಟ್ಯಾಂಡಿನ ಬ್ಯಾನರು ನೆನಪಾಯಿತು. "ಮುದ್ದೇಬಿಹಾಳಕ್ಕ ಹೋಗ್ತೇನಿ, ಅತ್ತಿ ಕಡೆ," ಅಂದೆ. "ಹೋಗು," ಅಂದ. ಬಾ ಅನ್ನಲಿಲ್ಲ ಎಂದು ನನಗೆ ದುಃಖವಾಯಿತು, ಅಂದಿದ್ದರೆ ಹೋಗುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಆಮೇಲೆ ಮರುತಪಾಸಣೆಗೂ ಹೋಗಿ ಬಂದೆ. ಅಲ್ಲಿಯೂ ಅದೇ ಮಾತು.

ಮುದ್ದೇಬಿಹಾಳದಲ್ಲಿ ಅತ್ತೆ, ಅಪ್ಪನ ಅಕ್ಕ, ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ತೀರಿಹೋಗಿದ್ದ, ಒಬ್ಬಳೇ ಇದ್ದಳು. ನಾನು ಹೊರಗೆ ಹೋಗದೆ ಮೂಲೆಯ ಕೋಣೆಯಲ್ಲಿ ಮಲಗಿರುತ್ತಿದ್ದೆ. ಉಸ್ತಾದರ ಫೋನು ಬಂದರೆ ಎತ್ತುತ್ತಿರಲಿಲ್ಲ. ಅತ್ತೆ ಕೆಲವು ದಿನ ನೋಡಿದಳು. ಆಮೇಲೆ, "ಯಾರ್ನರೆ ಕೊಂದು ಬಂದಿಯೇನಲೇ, ಹಿಂಗ ಅಡಗಿ ಕುಂತಿ?" ಅಂದಳು. ನಾನು ಗೋಡೆ ಕಡೆ ಹೊರಳಿದೆ.

ಒಂದು ಮಧ್ಯಾಹ್ನ ಅವಳನ್ನು ಇಬ್ಬರು ಹೆಂಗಸರು ಆಟೋದಲ್ಲಿ ಕರೆತಂದರು. ಸಾರಿನ ಪಾತ್ರೆ ಇಳಿಸುವಾಗ ವಾಲಿ ಪಾದದ ಮೇಲೆ ಬಿದ್ದಿತ್ತು. ಹೆಂಗಸರು ಸುಟ್ಟ ಗಾಯಕ್ಕೆ ಶಾಯಿ ಹಚ್ಚೋಣ, ಟೂತ್‌ಪೇಸ್ಟು ಹಚ್ಚೋಣ ಅನ್ನುತ್ತಿದ್ದರು. ನಾನು ಹಾಸಿಗೆಯಿಂದ ಎದ್ದು, "ಏನೂ ಹಚ್ಚಬ್ಯಾಡ್ರಿ" ಎಂದು ಒದರಿದೆ. ಬಹಳ ದಿನಗಳಲ್ಲಿ ನಾನು ಜೋರಾಗಿ ಆಡಿದ ಮೊದಲ ಮಾತು ಅದು. ಪಾದದ ಮೇಲೆ ತಣ್ಣೀರು ಹರಿಯಬಿಟ್ಟು, ಕಾಲಿಗೆ ಕಟ್ಟಿದ್ದ ಕರಿದಾರ ಬಿಗಿಯುವ ಮೊದಲೇ ಕತ್ತರಿಸಿ, ದವಾಖಾನೆಗೆ ಕರೆದೊಯ್ದೆ. ಅಲ್ಲಿಂದ ಮುಂದೆ ಮನೆಯಲ್ಲಿ ದಿನವೂ ನಾನೇ ಪಟ್ಟಿ ಬದಲಿಸಿದೆ. ಮೆಡಿಕಲ್ ಅಂಗಡಿಯಿಂದ ಕೈಗವಸು ತಂದಿದ್ದೆ. ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಅದರ ಬೆರಳುಗಳಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ತೆಗೆದು ಝಾಡಿಸಿ, ಕೈ ಒರೆಸಿ, ಬೇರೆ ಹಾಕಿಕೊಳ್ಳುತ್ತಿದ್ದೆ. ಅತ್ತೆ ಅದನ್ನು ನೋಡುತ್ತ ಒಂದು ದಿನ, "ನರ್ಸ್ ಕೋರ್ಸ್ ಯಾಕ ಮಾಡಬಾರದ ನೀ?" ಅಂದಳು.

"ನರ್ಸ್ ಏನ? ನಾನು?"

"ಮತ್ತ, ಅಲ್ಲಿ ಹೋಗಿ ಏನ್ ಆಗಾವಿದ್ದಿ?"

ವಿಮಾನದಿಂದ ಜಿಗಿದು ಗಾಯ ಕಟ್ಟುವವನಿಗೆ ಊರು ಬ್ಯಾನರು ಕಟ್ಟುತ್ತದೆ. ವಾರ್ಡಿನಲ್ಲಿ ಗಾಯ ಕಟ್ಟುವ ಗಂಡಸನ್ನು ಕಂಡು ನಗುತ್ತದೆ. ನಾನೂ ಆ ಊರಿನವನೇ.

ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿದೆ. ಈಗ ಬಸವನ ಬಾಗೇವಾಡಿಯಲ್ಲಿ ಸರ್ಕಾರಿ ದವಾಖಾನೆಯ ಡ್ರೆಸ್ಸಿಂಗ್ ಕೋಣೆ ನನ್ನದು. ಟ್ರ್ಯಾಕ್ಟರಿನಿಂದ ಬಿದ್ದವರು, ಕುಡಗೋಲು ತಾಗಿದವರು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತವರು ಬರುತ್ತಾರೆ. ಕೈಗವಸು ಉಳಿದವರಿಗಿಂತ ಹೆಚ್ಚು ಖರ್ಚು ಮಾಡುತ್ತೇನೆಂದು ಗೊಣಗಾಟ ಇದೆ. ಹಳ್ಳಿಯ ಮುದುಕಿಯರು ರೂಢಿಯಿಂದ ನನಗೂ "ಸಿಸ್ಟರ್‌ರೀ" ಅನ್ನುತ್ತಾರೆ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು, ಈಗ "ಏನಬೇ ಆಯಿ" ಎಂದು ಓಗೊಡುತ್ತೇನೆ.

ಇಷ್ಟಕ್ಕೆ ನನ್ನ ನಾಚಿಕೆ ತೀರಿತು ಎಂದುಕೊಂಡಿದ್ದೆ. ಹೋದ ವರ್ಷ ಅಪ್ಪ ನನ್ನನ್ನು ನೋಡಲು ಬಂದಿದ್ದ. ಇಬ್ಬರೂ ಕೂಡಿ ಊರಿಗೆ ಹೊರಟೆವು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಬೇಕು. ಅಂದು ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅಪ್ಪನಿಗೆ ಒಬ್ಬ ಅಪರಿಚಿತ ಹಿರಿಯರ ಪಕ್ಕ ಸೀಟು ಸಿಕ್ಕಿತು, ನನಗೆ ಅದರ ಹಿಂದೆ. ನಾನು ಎಲ್ಲಿ ಕೂತೆ ಎಂಬುದನ್ನು ಅಪ್ಪ ನೋಡಿರಲಿಲ್ಲ. ಹಿರಿಯರು ಮಳೆ ಬೆಳೆ ಮಾತಾಡಿ, ಮಕ್ಕಳೆಷ್ಟು ಎಂದು ಕೇಳಿದರು.

"ಮಗ ಮಿಲಿಟರ್ಯಾಗ ಅದಾನ್ರಿ," ಅಂದ ಅಪ್ಪ. "ಕಮಾಂಡೋಗೋಳ ಕೂಡ ವಿಮಾನದಿಂದ ಜಿಗೀತಾನ. ಗುಂಡು ಬಡದಾವ್ರಿಗೆ ಅಲ್ಲೇ ಇಲಾಜು ಮಾಡ್ತಾನ್ರಿ."

"ಭಾಳ ದೊಡ್ಡ ಕೆಲಸ ಬಿಡ್ರಿ," ಅಂದರು ಹಿರಿಯರು.

ನಾನು ಕಿಟಕಿ ಕಡೆ ತಿರುಗಿದೆ. ಅಷ್ಟರಲ್ಲಿ ಕಂಡಕ್ಟರು ಬಂದ. ನಾನು ಇಬ್ಬರ ಟಿಕೆಟ್ಟೂ ತೆಗೆದದ್ದನ್ನು ಕಂಡು ಹಿರಿಯರು ಹಿಂದೆ ತಿರುಗಿ, "ಇವರು ಯಾರ್ರಿ?" ಎಂದು ಕೇಳಿದರು. ಅಪ್ಪನೂ ತಿರುಗಿದ. ಅವನ ಮುಖದ ಬಣ್ಣ ಇಳಿಯಿತು.

"ಇವ ಸಣ್ಣಾವ್ರಿ," ಅಂದ. "ಬಾಗೇವಾಡಿ ದವಾಖಾನ್ಯಾಗ ಅದಾನ."

ನಾನು ಅವನಿಗೆ ಒಬ್ಬನೇ ಮಗ. ಹಿರಿಯರು ನನ್ನನ್ನು ಅಕ್ಕರೆಯಿಂದ ನೋಡಿ, "ಅಣ್ಣ ಫೋನ್ ಗೀನ್ ಮಾಡ್ತಾನೇನಪಾ ತಮ್ಮಾ?" ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಲಿಲ್ಲ, ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಕೂತಿದ್ದ.

"ಮಾಡ್ತಾನ್ರಿ," ಅಂದೆ. "ನೆಟ್‌ವರ್ಕ್ ಸಿಕ್ಕಾಗ."

ತಾಂಬಾದಲ್ಲಿ ಇಳಿದು ಮನೆ ಕಡೆ ನಡೆದೆವು. ಅಪ್ಪ ರೂಢಿಯಂತೆ ಪ್ರತಿ ಕಂಬವನ್ನೂ ತಲೆಯೆತ್ತಿ ನೋಡುತ್ತ ನಡೆಯುತ್ತಿದ್ದ. ಕೊನೆಗೆ, "ಆತ ನಮ್ಮ ಗುರ್ತಿನಾವ ಅಲ್ಲ," ಅಂದ.

"ಗೊತ್ತೈತೆಪಾ."

"ಗುರ್ತಿನಾವ್ರ ಮುಂದ ಹೇಳೂದಿಲ್ಲ ನಾ."

ಅಂದರೆ ಅಪರಿಚಿತರ ಮುಂದೆ ಹಿಂದೆಯೂ ಹೇಳಿದ್ದ. ಎಷ್ಟು ಬಸ್ಸುಗಳಲ್ಲಿ, ಎಷ್ಟು ಚಹಾದಂಗಡಿಗಳಲ್ಲಿ ಆ ದೊಡ್ಡ ಮಗ ವಿಮಾನದಿಂದ ಜಿಗಿದಿದ್ದಾನೋ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೆಟ್‌ವರ್ಕ್ ಎಂದಾಗ ನನ್ನ ಬಾಯಿ ತಡವರಿಸಿರಲಿಲ್ಲ. ಆ ಮಾತು ಅಪ್ಪನ ಮಾನ ಉಳಿಸಲು ಬಂದದ್ದೋ, ಆ ಅಣ್ಣ ನನಗೂ ಬೇಕಾಗಿದ್ದನೋ, ಈಗಲೂ ಹೇಳಲಾರೆ.

"ನೆಟ್‌ವರ್ಕ್ ಅಂತ ಚಲೋ ಹೇಳಿದಿ ಬಿಡು," ಎಂದು ಅಪ್ಪ ಸಣ್ಣಗೆ ನಕ್ಕ. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಮನೆ ಮುಟ್ಟುವವರೆಗೆ ಅವನು ರಸ್ತೆಯ ಆ ಬದಿ, ನಾನು ಈ ಬದಿ ನಡೆದೆವು.